ಕುದುರೆ ತಿಂದು ಕಡಲಿಗಿಳಿದವರು

ಮೂರು ದಿನಕ್ಕೊಂದು ಕುದುರೆ ಕಡಿಯಬೇಕು. ಮಾಂಸ ದೋಣಿ ಕಟ್ಟುವವರಿಗೆ, ಹಾಸಿಗೆ ಹಿಡಿದವರಿಗೆ. ಬಾಲ ಮತ್ತು ಕೇಸರದ ಕೂದಲು ಹಗ್ಗ ಹೊಸೆಯಲಿಕ್ಕೆ. ಕಾಲಿನ ತೊಗಲನ್ನು ಎಲ್ಲೂ ಸೀಳದೆ ಇಡಿಯಾಗಿ ಎಳೆದು ಹದ ಮಾಡಿದರೆ ನೀರಿನ ಚೀಲ. 1528ರ ಆಗಸ್ಟ್ ತಿಂಗಳು. ಫ್ಲಾರಿಡಾದ ಉತ್ತರ ಕರಾವಳಿಯಲ್ಲೊಂದು ಕೆಸರು ಕೊಲ್ಲಿ. ಚಿನ್ನ ಹುಡುಕಿಕೊಂಡು ಸ್ಪೇನಿನಿಂದ ಬಂದ ಗಂಡಸರು ಹಿಂದೆ ಬಾಣ, ಮುಂದೆ ಸಮುದ್ರ ಎಂಬಂತೆ ಅಲ್ಲಿ ಸಿಕ್ಕಿಬಿದ್ದಿದ್ದರು. ಹಡಗಿಲ್ಲ. ಹಡಗು ಕಟ್ಟುವುದು ಗೊತ್ತಿದ್ದವರಿಲ್ಲ. ಇಡೀ ದಂಡಿಗೆ ಇದ್ದದ್ದು ಒಬ್ಬನೇ ಬಡಗಿ. ಕಬ್ಬಿಣವಿಲ್ಲ, ಕುಲುಮೆಯಿಲ್ಲ, ಹಾಯಿಯಿಲ್ಲ, ರಾಳವಿಲ್ಲ.

ಒಬ್ಬ ಮುಂದೆ ಬಂದು, ಮರದ ಕೊಳವೆಗೆ ಜಿಂಕೆ ಚರ್ಮ ಕಟ್ಟಿ ತಿದಿ ಮಾಡುತ್ತೇನೆ ಎಂದ. ಮಾಡಿಯೇಬಿಟ್ಟ. ಸವಾರರ ರಿಕಾಪು, ಕುದುರೆಗೆ ಚುಚ್ಚುವ ಮುಳ್ಳು, ಅಡ್ಡಬಿಲ್ಲುಗಳ ಕಬ್ಬಿಣ ಎಲ್ಲ ಬೆಂಕಿಗೆ ಬಿದ್ದು ಮೊಳೆಯಾದವು, ಗರಗಸವಾದವು, ಕೊಡಲಿಯಾದವು. ದೇಶ ಗೆಲ್ಲಲು ತಂದ ಆಯುಧ ತಲೆ ಉಳಿಸಿಕೊಳ್ಳಲು ಮೊಳೆಯಾಯಿತು. ಒಬ್ಬ ಗ್ರೀಕ ಪೈನ್ ಮರಗಳಿಂದ ರಾಳ ಇಳಿಸಿದ. ಕುಳ್ಳ ತಾಳೆಗಿಡದ ನಾರನ್ನು ಹಲಗೆಗಳ ಸಂದಿಗೆ ತುರುಕಿದರು. ಮೈಮೇಲಿನ ಅಂಗಿ ಬಿಚ್ಚಿ ಹಾಯಿ ಹೊಲಿದರು. ಈ ನಡುವೆ ಚಿಪ್ಪುಮೀನು ಹೆಕ್ಕಲು ನೀರಿಗಿಳಿದ ಹತ್ತು ಜನ, ಶಿಬಿರದವರ ಕಣ್ಣೆದುರೇ, ತೊಟ್ಟ ಕವಚದ ಸಮೇತ ಬಾಣಕ್ಕೆ ಬಲಿಯಾದರು. ಜ್ವರ, ಹಸಿವು ನಲವತ್ತಕ್ಕೂ ಹೆಚ್ಚು ಮಂದಿಯನ್ನು ತಿಂದವು. ಆಗಸ್ಟ್ 4ಕ್ಕೆ ಶುರುವಾದ ಕೆಲಸ ಸೆಪ್ಟೆಂಬರ್ 20ಕ್ಕೆ ಮುಗಿದಾಗ ದಡದಲ್ಲಿ 22 ಮೊಳ ಉದ್ದದ ಐದು ದೋಣಿಗಳು ನಿಂತಿದ್ದವು. ಉಳಿದದ್ದು ಒಂದೇ ಕುದುರೆ.

ಇಷ್ಟೊಂದು ದುರ್ಗತಿ ಒಂದೇ ವರ್ಷದಲ್ಲಿ ಹೇಗೆ ಬಂತು?

1527ರ ಜೂನ್ 17ರಂದು ಸ್ಪೇನಿನ ಸಾನ್‌ಲೂಕರ್ ಬಂದರಿನಿಂದ ಐದು ಹಡಗು, ಸುಮಾರು 600 ಜನ ಹೊರಟಿದ್ದರು. ನಾಯಕ ಪಾನ್‌ಫಿಲೊ ದೆ ನಾರ್ವಾಯೆಸ್. ಈತನಿಗೆ ಒಂದೇ ಕಣ್ಣು. ಇನ್ನೊಂದು ಕಣ್ಣನ್ನು 1520ರಲ್ಲಿ ಮೆಕ್ಸಿಕೊದಲ್ಲಿ ಕಳೆದುಕೊಂಡಿದ್ದ, ಅದೂ ಮೂಲನಿವಾಸಿಗಳ ಕೈಯಲ್ಲಲ್ಲ, ತನ್ನದೇ ದೇಶದ ಎರ್ನಾನ್ ಕೊರ್ತೆಸನ ಕೈಯಲ್ಲಿ. ಕೊರ್ತೆಸನನ್ನು ಹಿಡಿದು ತರುತ್ತೇನೆಂದು ಹೋಗಿ ತಾನೇ ಸೆರೆಯಾಗಿದ್ದ. ಕೊರ್ತೆಸನಿಗೆ ಮೆಕ್ಸಿಕೊ ದಕ್ಕಿತ್ತು. ತನಗೂ ಅಂಥದ್ದೇ ಒಂದು ರಾಜ್ಯ ಬೇಕೆಂಬ ಹಟ ಇವನನ್ನು ಫ್ಲಾರಿಡಾಕ್ಕೆ ಎಳೆಯಿತು. ಈ ದಂಡಯಾತ್ರೆಯ ಖಜಾಂಚಿಯಾಗಿ ರಾಜನೇ ನೇಮಿಸಿದವನು ಆಲ್ವಾರ್ ನೂನ್ಯೆಸ್ ಕಬೇಸಾ ದೆ ವಾಕಾ. ಈ ಕಥೆ ನಮಗೆ ಸಿಕ್ಕಿರುವುದು ಮುಖ್ಯವಾಗಿ ಈತ ಬರೆದಿಟ್ಟದ್ದರಿಂದ. ಆದ್ದರಿಂದ ತನ್ನನ್ನು ತಾನು ಕೊಂಚ ಒಳ್ಳೆಯವನಾಗಿ ತೋರಿಸಿಕೊಂಡಿದ್ದಾನೆಂಬ ಗುಮಾನಿ ಇಟ್ಟುಕೊಂಡೇ ಓದಬೇಕು.

ಸಾಂತೊ ದೊಮಿಂಗೊದಲ್ಲಿ ಹಡಗು ನಿಂತದ್ದೇ ತಡ, 140ಕ್ಕೂ ಹೆಚ್ಚು ಜನ ಕಾಲುಕಿತ್ತರು. ಬುದ್ಧಿವಂತರು ಅವರೇ. ಉಳಿದವರು ಕ್ಯೂಬಾದ ತ್ರಿನಿದಾದ್ ಬಂದರಿನಲ್ಲಿ ಚಂಡಮಾರುತಕ್ಕೆ ಸಿಕ್ಕರು. ದಡಕ್ಕೆ ಇಳಿದಿದ್ದ ಕಬೇಸಾ ದೆ ವಾಕಾ ಬದುಕಿಕೊಂಡ. ಏಳೆಂಟು ಜನ ಒಬ್ಬರ ತೋಳೊಬ್ಬರು ಹಿಡಿದು ನಡೆಯದಿದ್ದರೆ ಗಾಳಿ ಎತ್ತಿಕೊಂಡು ಹೋಗುವಂತಿತ್ತು. ಮನೆ ಬೀಳುತ್ತದೆಂದು ಮರಗಳ ನಡುವೆ ಓಡಿದರೆ ಮರವೇ ಬೀಳುವ ಭಯ. ಇರುಳಿಡೀ ಹಾಗೇ ಅಲೆದರು. ಬೆಳಗಾದಾಗ ಬಂದರಿನಲ್ಲಿ ಹಡಗುಗಳಿಲ್ಲ. ಹುಡುಕುತ್ತ ಹೋದರೆ ಒಂದು ಹಡಗಿನ ಪುಟ್ಟ ದೋಣಿ ಮರಗಳ ತುದಿಯ ಮೇಲೆ ಕೂತಿತ್ತು. ಎರಡು ಹಡಗು, 60 ಜನ, 20 ಕುದುರೆ ಒಂದೇ ಏಟಿಗೆ ಹೋದವು.

1528ರ ಏಪ್ರಿಲ್‌ನಲ್ಲಿ, ಇಂದಿನ ಟ್ಯಾಂಪಾ ಕೊಲ್ಲಿಯ ಆಸುಪಾಸಿನಲ್ಲಿ ಅವರು ನೆಲಕ್ಕಿಳಿದಾಗ ಜೀವ ಹಿಡಿದುಕೊಂಡಿದ್ದ ಕುದುರೆಗಳು 42. ದಡದ ಹಳ್ಳಿ ರಾತ್ರೋರಾತ್ರಿ ಖಾಲಿಯಾಗಿತ್ತು. ಬಿಟ್ಟುಹೋದ ಮೀನುಬಲೆಗಳ ನಡುವೆ ಯಾರಿಗೋ ಒಂದು ಚಿನ್ನದ ಗಿಲಕಿ ಸಿಕ್ಕಿತು. ಅಷ್ಟೇ ಸಾಕಾಯಿತು! ಸಿಕ್ಕವರನ್ನು ಹಿಡಿದು ಇದು ಎಲ್ಲಿಯದು ಎಂದು ಕೇಳಿದರೆ, ಅವರು ಉತ್ತರಕ್ಕೆ ಕೈ ತೋರಿಸಿ 'ಅಪಲಾಚೆ' ಎಂದರು. ಅಲ್ಲಿ ನೀವು ಕೇಳುವುದೆಲ್ಲ ಇದೆ, ಬೇಕಾದಷ್ಟಿದೆ ಎಂದು ಸನ್ನೆ ಮಾಡಿದರು. ಬೇಡದ ನೆಂಟನನ್ನು ಪಕ್ಕದೂರಿಗೆ ಸಾಗಹಾಕುವ ಉಪಾಯ ಇದು, ಅಮೆರಿಕದುದ್ದಕ್ಕೂ ಇಂಥ ದಂಡುಗಳ ಮೇಲೆ ಮತ್ತೆ ಮತ್ತೆ ಫಲಿಸಿದೆ.

ಹಡಗುಗಳನ್ನು ಕರಾವಳಿಯುದ್ದಕ್ಕೆ ಕಳಿಸಿ ತಾವು ನೆಲದ ಮೇಲೆ ನಡೆಯೋಣ ಎಂದ ನಾರ್ವಾಯೆಸ್. ಹಡಗು ಬಿಟ್ಟರೆ ಕೆಟ್ಟೆವು ಎಂದ ಖಜಾಂಚಿ. ಹೆದರಿಕೆಯಾದರೆ ನೀನು ಹಡಗಿನಲ್ಲೇ ಇರು ಎಂಬ ಮಾತು ಬಂದದ್ದೇ ಮಾನ ಅಡ್ಡ ಬಂತು. ಕಬೇಸಾ ದೆ ವಾಕಾ ಕೂಡ ನಡೆದ. ಒಟ್ಟು 300 ಜನ. ತಲೆಗೆ ಎರಡು ಪೌಂಡ್ ಒಣರೊಟ್ಟಿ, ಅರ್ಧ ಪೌಂಡ್ ಹಂದಿಮಾಂಸ. ಹಡಗುಗಳು ಸುಮಾರು ಒಂದು ವರ್ಷ ಅವರನ್ನು ಹುಡುಕಿ, ಸಿಗದೆ, ಮೆಕ್ಸಿಕೊ ಕಡೆ ಹೋದವು. ಆ ಹಡಗುಗಳಲ್ಲಿ ಹತ್ತು ಮಂದಿ ಹೆಂಗಸರಿದ್ದರು. ಗಂಡಂದಿರು ಬದುಕಿಲ್ಲವೆಂದು ತೀರ್ಮಾನಿಸಿ ಅವರು ಹಡಗಿನಲ್ಲಿದ್ದ ಬೇರೆಯವರ ಕೈಹಿಡಿದರು. ತೀರ್ಮಾನವೇನೂ ತಪ್ಪಾಗಿರಲಿಲ್ಲ.

ಹದಿನೈದು ದಿನ ಹೊಟ್ಟೆಗೆ ತಾಳೆಗಿಡದ ತಿರುಳು ಬಿಟ್ಟರೆ ಬೇರೇನಿಲ್ಲ. ಒಂದು ಸೆಳೆತದ ಹೊಳೆಯಲ್ಲಿ ಸವಾರನೊಬ್ಬ ಕುದುರೆ ಸಮೇತ ಮುಳುಗಿದ. ಅವನಿಗಾಗಿ ಅತ್ತರು, ಅದೇ ರಾತ್ರಿ ಕುದುರೆಯನ್ನು ಬೇಯಿಸಿ ಉಂಡರು. ಜೂನ್ 25ಕ್ಕೆ ಅಪಲಾಚೆ ಸಿಕ್ಕಿತು. ನಲವತ್ತು ಹುಲ್ಲಿನ ಮನೆ, ಹೊಲದ ತುಂಬ ಮುಸುಕಿನ ಜೋಳ. ಚಿನ್ನ ಇಲ್ಲ. ಊರಿನವರು ಹೆಂಡಿರು ಮಕ್ಕಳನ್ನು ಕೇಳಿದರು. ನಾರ್ವಾಯೆಸ್ ಹೆಂಗಸರನ್ನು ಬಿಟ್ಟುಕೊಟ್ಟು ಮುಖಂಡನೊಬ್ಬನನ್ನು ಒತ್ತೆಯಿಟ್ಟುಕೊಂಡ. ಅಲ್ಲಿಂದ ಮುಂದೆ ಪ್ರತಿ ಕೆರೆಯ ದಡ, ಪ್ರತಿ ಬಿದ್ದ ಮರದ ಹಿಂದಿನಿಂದ ಬಾಣ. ತೋಳಿನಷ್ಟು ದಪ್ಪದ ಬಿಲ್ಲು, ಗುರಿ ತಪ್ಪದ ಕೈ. ಒಂದು ಬಾಣ ಮರದ ಬುಡದೊಳಗೆ ಗೇಣುದ್ದ ಇಳಿದದ್ದನ್ನು ಕಬೇಸಾ ದೆ ವಾಕಾ ಕಣ್ಣಾರೆ ಕಂಡ. ಸ್ಪೇನಿನ ಉಕ್ಕಿನ ಕವಚ ಅದರ ಮುಂದೆ ಏನು ಮಾಡೀತು? ತತ್ತರಿಸಿ ಕಡಲ ದಡಕ್ಕೆ ಓಡಿಬಂದರು. ಕುದುರೆ ಕಡಿದದ್ದು ಆಮೇಲೆ.

ಸೆಪ್ಟೆಂಬರ್ 22. ಐದು ದೋಣಿ, 242 ಜನ. ಎಲ್ಲ ಹತ್ತಿ ಕೂತಾಗ ದೋಣಿಯ ಅಂಚು ನೀರಿನಿಂದ ಗೇಣಿನಷ್ಟೂ ಮೇಲಿರಲಿಲ್ಲ. ಅಲುಗಾಡುವಂತಿಲ್ಲ. ಹಡಗು ನಡೆಸಿ ಗೊತ್ತಿದ್ದವರು ಒಬ್ಬರೂ ಇಲ್ಲ. ಮೆಕ್ಸಿಕೊ ಇಲ್ಲೇ ಪಕ್ಕದಲ್ಲಿದೆ ಎಂದು ಅವರು ತಿಳಿದಿದ್ದರು, ನಿಜದಲ್ಲಿ ಮೆಕ್ಸಿಕೊ ಕೊಲ್ಲಿಯ ಇಡೀ ವಕ್ರರೇಖೆ ಅವರ ಮುಂದಿತ್ತು. ಕೆಲವೇ ವಾರಗಳಲ್ಲಿ ಕುದುರೆ ತೊಗಲಿನ ಚೀಲಗಳು ಕೊಳೆತವು. ನೀರಿಲ್ಲದ ಪುಟ್ಟ ದ್ವೀಪವೊಂದರಲ್ಲಿ ಬಿರುಗಾಳಿ ದಿನಗಟ್ಟಲೆ ಕಟ್ಟಿಹಾಕಿತು. ಗಂಟಲು ಒಣಗಿ ಉಪ್ಪುನೀರು ಕುಡಿದರು, ಕುಡಿದವರಲ್ಲಿ ಐವರು ಸತ್ತರು. ಸಾಯುವುದಾದರೆ ನಡೆಯುತ್ತಲೇ ಸಾಯೋಣ ಎಂದು ಬಿರುಗಾಳಿಯಲ್ಲೇ ದೋಣಿ ತಳ್ಳಿದರು.

ಮುಂದೊಂದು ಕಡೆ ಸಮುದ್ರದ ಮಧ್ಯೆ ಸಿಹಿನೀರು! ದೊಡ್ಡ ನದಿಯೊಂದು ಅಷ್ಟು ರಭಸದಿಂದ ಕಡಲಿಗೆ ನುಗ್ಗುತ್ತಿತ್ತು. ಅದು ಮಿಸ್ಸಿಸ್ಸಿಪ್ಪಿ. ಬೊಗಸೆ ಬೊಗಸೆ ಕುಡಿದರು, ಆದರೆ ಅದೇ ಸೆಳೆತ ದೋಣಿಗಳನ್ನು ಆಳಕ್ಕೆ ತಳ್ಳಿ ಚದುರಿಸಿತು. ನಾರ್ವಾಯೆಸನ ದೋಣಿಯಲ್ಲಿ ಗಟ್ಟಿ ಆಳುಗಳಿದ್ದರು. ಹಗ್ಗ ಎಸೆಯಿರಿ, ಜೊತೆಗಿರೋಣ ಎಂದು ಖಜಾಂಚಿ ಬೇಡಿಕೊಂಡ. ಇನ್ನು ಯಾರೂ ಯಾರಿಗೂ ಅಪ್ಪಣೆ ಕೊಡುವ ಕಾಲವಲ್ಲ, ಅವರವರ ಜೀವ ಅವರವರು ನೋಡಿಕೊಳ್ಳಲಿ ಎಂದು ಹೇಳಿ ನಾಯಕ ಹುಟ್ಟು ಹಾಕಿಸಿಕೊಂಡು ಹೋದ. ಆಮೇಲೆ ಒಂದು ರಾತ್ರಿ, ಜನರನ್ನು ದಡಕ್ಕೆ ಇಳಿಸಿ ತಾನು ದೋಣಿಯಲ್ಲೇ ಮಲಗಿದ್ದಾಗ, ಗಾಳಿ ಅದನ್ನು ಕಡಲಿಗೆ ಎಳೆದೊಯ್ದಿತು. ಅವನನ್ನು ಮತ್ತೆ ಯಾರೂ ಕಾಣಲಿಲ್ಲ.

ನವೆಂಬರ್ 6ರ ನಸುಕು. ಕಬೇಸಾ ದೆ ವಾಕಾನ ದೋಣಿಯಲ್ಲಿ ಜನ ಒಬ್ಬರ ಮೇಲೊಬ್ಬರು ಹೆಣದಂತೆ ಬಿದ್ದಿದ್ದರು. ದೊಡ್ಡ ಅಲೆಯೊಂದು ದೋಣಿಯನ್ನು ಎತ್ತಿ ಮರಳಿಗೆ ಅಪ್ಪಳಿಸಿತು. ಆ ಏಟಿಗೆ ಸತ್ತಂತಿದ್ದವರು ಎಚ್ಚರಾಗಿ, ಕೈಕಾಲು ಊರಿಕೊಂಡು ದಡಕ್ಕೆ ತೆವಳಿದರು. ಅದು ಟೆಕ್ಸಾಸ್ ಕರಾವಳಿ, ಗ್ಯಾಲ್ವೆಸ್ಟನ್ ಸುತ್ತಿನ ಒಂದು ದ್ವೀಪ. ಸ್ವಲ್ಪ ಹೊತ್ತಿಗೆ ನೂರು ಬಿಲ್ಲುಗಾರರು ಸುತ್ತುವರಿದರು. ಇವರಲ್ಲಿ ಎದ್ದು ನಿಲ್ಲಬಲ್ಲವರು ಆರು ಜನ ಕೂಡ ಇರಲಿಲ್ಲ. ಗಂಟೆ, ಮಣಿ ಕೊಟ್ಟರು. ಆ ಜನ ಸ್ನೇಹದ ಗುರುತಿಗೆ ತಲಾ ಒಂದೊಂದು ಬಾಣ ಕೊಟ್ಟರು. ಮಾರನೆಯ ದಿನ ಮೀನು ತಂದರು, ನೀರಿನಡಿಯಿಂದ ಕಿತ್ತ ಗೆಡ್ಡೆ ತಂದರು. ಇವರನ್ನು ಕಾರಂಕಾವಾ ಜನರ ಕವಲೆಂದು ವಿದ್ವಾಂಸರು ಗುರುತಿಸುತ್ತಾರೆ.

ಹೊಟ್ಟೆ ತುಂಬಿದ್ದೇ ಮತ್ತೆ ಹೊರಡುವ ಹುಚ್ಚು. ಮರಳಲ್ಲಿ ಹೂತ ದೋಣಿಯನ್ನು ಬಿಡಿಸಲು ಬಟ್ಟೆ ಕಳಚಿ ದೋಣಿಯೊಳಗಿಟ್ಟು ತಳ್ಳಿದರು. ಅನತಿ ದೂರದಲ್ಲೇ ಅಲೆ ಹೊಡೆದು ದೋಣಿ ಮಗುಚಿತು. ಮೂವರು ಅದರಡಿ ಸತ್ತರು. ಉಳಿದವರು ನವೆಂಬರ್‌ನ ಚಳಿಯಲ್ಲಿ, ನೂಲೆಳೆಯೂ ಇಲ್ಲದೆ, ಎಲುಬು ಎಣಿಸಬಹುದಾದ ಮೈ ಹೊತ್ತು ದಡದಲ್ಲಿ ನಿಂತರು. ಸಂಜೆ ಊಟ ತಂದ ಮೂಲನಿವಾಸಿಗಳು ಈ ಸ್ಥಿತಿ ಕಂಡು ಮೊದಲು ಬೆಚ್ಚಿ ಹಿಂದೆ ಸರಿದರು. ನಡೆದದ್ದು ತಿಳಿದ ಮೇಲೆ ಇವರ ನಡುವೆ ಬಂದು ಕೂತು ಅತ್ತರು. ಗಟ್ಟಿಯಾಗಿ, ಅರ್ಧ ಗಂಟೆಗೂ ಮೀರಿ, ದೂರಕ್ಕೆ ಕೇಳುವಂತೆ ಅತ್ತರು.

ಆಮೇಲೆ ಅವರು ಮಾಡಿದ ಕೆಲಸ ನೋಡಿ. ತಮ್ಮ ಮನೆಗಳವರೆಗಿನ ದಾರಿ ದೂರ, ಚಳಿಗೆ ಈ ಜನ ನಡುವೆಯೇ ಸಾಯಬಹುದೆಂದು ಎಣಿಸಿ, ಮುಂದಾಗಿ ಕೆಲವರನ್ನು ಓಡಿಸಿ ದಾರಿಯಲ್ಲಿ ನಾಲ್ಕೈದು ಕಡೆ ದೊಡ್ಡ ಬೆಂಕಿ ಹಾಕಿಸಿದರು. ಒಂದು ಬೆಂಕಿಯಲ್ಲಿ ಮೈಕಾಸಿ, ಬಿಸಿ ಏರಿದ್ದೇ ಎತ್ತಿಕೊಂಡು ಮುಂದಿನ ಬೆಂಕಿಗೆ ಓಟ. ಕಾಲು ನೆಲಕ್ಕೆ ತಾಗದಷ್ಟು ಬೇಗ. ತಲುಪಿದಾಗ ಇವರಿಗಾಗಿಯೇ ಒಂದು ಗುಡಿಸಲು ಕಟ್ಟಿ ಒಳಗೆ ಬೆಂಕಿ ಉರಿಯುತ್ತಿತ್ತು. ರಾತ್ರಿಯೆಲ್ಲ ಊರವರು ಕುಣಿದರು. ಸ್ಪೇನಿನವರು ಮಾತ್ರ ನಿದ್ದೆಯಿಲ್ಲದೆ ತಮ್ಮನ್ನು ಬಲಿ ಕೊಡುವ ಗಳಿಗೆ ಯಾವಾಗ ಬಂದೀತೆಂದು ನಡುಗುತ್ತ ಕೂತಿದ್ದರು. ಬಲಿ ಬರಲಿಲ್ಲ. ಬೆಳಿಗ್ಗೆ ಮೀನು ಬಂತು.

ಇನ್ನೊಂದು ದೋಣಿಯವರೂ ಅದೇ ದ್ವೀಪಕ್ಕೆ ಬಿದ್ದಿದ್ದರು. ಎರಡೂ ಸೇರಿ ಸುಮಾರು 80 ಜನ. ಚಳಿಗಾಲ ಕಠಿಣವಾಯಿತು, ಗೆಡ್ಡೆ ಕೀಳಲಾಗಲಿಲ್ಲ, ಮೀನು ಸಿಗಲಿಲ್ಲ. ವಸಂತಕ್ಕೆ ಉಳಿದವರು 15. ದಡದಲ್ಲಿ ಬೇರೆಯಾಗಿ ಬಿಡಾರ ಹೂಡಿದ್ದ ಐವರು ಸ್ಪೇನಿಗರು ಸತ್ತವರನ್ನು ತಿಂದರು. ಒಬ್ಬನಾದ ಮೇಲೊಬ್ಬನನ್ನು ತಿಂದು ಕೊನೆಗೆ ಒಬ್ಬನೇ ಉಳಿದ, ಅವನನ್ನು ತಿನ್ನಲು ಯಾರೂ ಇರಲಿಲ್ಲ. ದ್ವೀಪದ ಜನಕ್ಕೆ ಇದು ಎಷ್ಟು ಅಸಹ್ಯವಾಯಿತೆಂದರೆ, ಮೊದಲೇ ಗೊತ್ತಾಗಿದ್ದರೆ ಅವರನ್ನು ಕೊಂದೇ ಹಾಕುತ್ತಿದ್ದರು ಎಂದು ಕಬೇಸಾ ದೆ ವಾಕಾನೇ ದಾಖಲಿಸಿದ್ದಾನೆ.

ಬೆನ್ನಿಗೇ ಹೊಟ್ಟೆಯ ರೋಗ ಬಂತು. ದ್ವೀಪದವರಲ್ಲಿ ಅರ್ಧ ಜನ ಸತ್ತರು. ಈ ಪರದೇಶಿಗಳೇ ಮಾಟ ಮಾಡಿದ್ದಾರೆ, ಕೊಂದುಬಿಡೋಣ ಎಂಬ ಮಾತೆದ್ದಿತು. ಆಗ ಕಬೇಸಾ ದೆ ವಾಕಾನನ್ನು ಇಟ್ಟುಕೊಂಡಿದ್ದವನು ತಡೆದ: ಇವರಿಗೆ ಅಂಥ ಶಕ್ತಿ ಇದ್ದಿದ್ದರೆ ತಮ್ಮವರು ಇಷ್ಟೊಂದು ಜನ ಸಾಯಲು ಬಿಡುತ್ತಿದ್ದರೇ? ಇಷ್ಟು ಸರಳವಾದ ತರ್ಕ ಆ ಶತಮಾನದ ಯುರೋಪಿನಲ್ಲಿ ಮಾಟಗಾತಿಯರ ಮೇಲೆ ಮೊಕದ್ದಮೆ ಹೂಡಿದ ಎಷ್ಟೋ ನ್ಯಾಯಾಧೀಶರಿಗೆ ಹೊಳೆದಿರಲಿಲ್ಲ.

ಮುಂದಿನ ಒಂದು ವರ್ಷಕ್ಕೂ ಹೆಚ್ಚು ಕಾಲ ರಾಜನ ಖಜಾಂಚಿ ಬೆತ್ತಲೆ ಆಳು. ನೀರಿನಡಿಯ ಗೆಡ್ಡೆ ಕಿತ್ತು ಕಿತ್ತು ಬೆರಳು ಎಷ್ಟು ಹುಣ್ಣಾದವೆಂದರೆ ಹುಲ್ಲೆಸಳು ತಾಗಿದರೂ ರಕ್ತ ಒಸರುತ್ತಿತ್ತು. ಕೊನೆಗೆ ತಪ್ಪಿಸಿಕೊಂಡು ಬೇರೆ ಕುಲದವರ ಬಳಿ ಸೇರಿ ವ್ಯಾಪಾರಿಯಾದ. ಒಬ್ಬರ ಮೇಲೊಬ್ಬರು ಕತ್ತಿ ಮಸೆಯುವ ಕುಲಗಳ ನಡುವೆ ಓಡಾಡಲು ಯಾರ ಕಡೆಗೂ ಸೇರದ ಮನುಷ್ಯನೊಬ್ಬ ಅವರಿಗೂ ಬೇಕಿತ್ತು. ಕರಾವಳಿಯಿಂದ ಕಪ್ಪೆಚಿಪ್ಪು, ಶಂಖ ಹೊತ್ತು ಒಳನಾಡಿಗೆ ಹೋಗುವುದು. ಅಲ್ಲಿಂದ ತೊಗಲು, ಕೆಮ್ಮಣ್ಣು, ಬಾಣದ ಮೊನೆಗೆ ಚಕಮಕಿ ಕಲ್ಲು, ಅಂಟು ತರುವುದು. ಹೋದಲ್ಲೆಲ್ಲ ಊಟ ಸಿಗುತ್ತಿತ್ತು, ಹೆಸರೂ ಬಂತು. ಮುಂದೆ ಮೆಕ್ಸಿಕೊ ದಾರಿ ಹಿಡಿಯಬಹುದಿತ್ತು. ಆದರೆ ದ್ವೀಪದಲ್ಲಿ ಲೋಪೆ ದೆ ಒವಿಯೆದೊ ಎಂಬ ಜೊತೆಗಾರ ಉಳಿದಿದ್ದ. ಪ್ರತಿ ವರ್ಷ ಇವನು ಹೋಗಿ ಕರೆಯುವುದು, ಅವನು ಮುಂದಿನ ವರ್ಷ ನೋಡೋಣ ಎನ್ನುವುದು. ಅಂತೂ ಇಂತೂ ಹೊರಡಿಸಿಕೊಂಡು ಬಂದರೆ, ದಾರಿಯಲ್ಲಿ ಎದುರಾದವರು ಬಾಣ ಎದೆಗಿಟ್ಟು ಹೆದರಿಸಿದ್ದಕ್ಕೆ ಅವನು ವಾಪಸು ಹೋದ. ವರ್ಷಗಟ್ಟಲೆ ಕಾದದ್ದು ನೀರಲ್ಲಿ ಹೋಮ.

ಆದರೆ ಅಲ್ಲೇ ತನ್ನ ದಂಡಿನ ಮೂವರು ಸಿಕ್ಕರು. ಆಂದ್ರೆಸ್ ದೊರಾಂತೆಸ್, ಅಲೊನ್ಸೊ ದೆಲ್ ಕಾಸ್ತಿಯೊ, ಮತ್ತು ದೊರಾಂತೆಸನ ಗುಲಾಮ ಎಸ್ತೆಬಾನಿಕೊ. ಮೊರೊಕ್ಕೊದ ಅಜಮ್ಮೂರಿನ ಕಪ್ಪುವರ್ಣೀಯ. ಈಗ ನಾಲ್ವರೂ ಆಳುಗಳೇ, ಒಡೆಯನೂ ಗುಲಾಮನೂ ಸಮಸಮ. ಓಡಿಹೋಗಲು ಪಾಪಾಸುಕಳ್ಳಿ ಹಣ್ಣಿನ ಕಾಲ ಬರಬೇಕು, ಆಗ ಕುಲಗಳೆಲ್ಲ ಕಳ್ಳಿಕಾಡಿಗೆ ಬಂದು ಸೇರುತ್ತವೆ. ನಮ್ಮ ಬಯಲುಸೀಮೆಯ ಬೇಲಿಗಳಲ್ಲಿ ಬೆಳೆಯುವ ಪಾಪಾಸುಕಳ್ಳಿಯ ತವರು ಅಮೆರಿಕವೇ. ಅಲ್ಲಿನ ಜನ ತಿಂಗಳುಗಟ್ಟಲೆ ಆ ಹಣ್ಣನ್ನೇ ತಿಂದು ಬದುಕುತ್ತಿದ್ದರು, ಪಾತ್ರೆಯಿಲ್ಲದೆ ನೆಲದಲ್ಲಿ ಗುಳಿ ತೋಡಿ ಅದಕ್ಕೇ ರಸ ಹಿಂಡಿ ಕುಡಿಯುತ್ತಿದ್ದರು. ಹಣ್ಣಿನ ಕಾಲ ಬಂತು. ಆದರೆ ಒಬ್ಬ ಹೆಣ್ಣಿನ ವಿಷಯಕ್ಕೆ ಕುಲದವರು ಬಡಿದಾಡಿ ಚದುರಿದರು, ನಾಲ್ವರೂ ದಿಕ್ಕಾಪಾಲು. ಮತ್ತೊಂದು ವರ್ಷ ಕಾಯಬೇಕಾಯಿತು. 1534ರ ಸೆಪ್ಟೆಂಬರ್‌ನಲ್ಲಿ ಕೊನೆಗೂ ಓಡಿದರು.

ದಾರಿಯಲ್ಲೊಮ್ಮೆ ಕಬೇಸಾ ದೆ ವಾಕಾ ಕಾಡಿನಲ್ಲಿ ಒಬ್ಬನೇ ಕಳೆದುಹೋದ. ಚಳಿಗಾಲ, ಬರಿಮೈ. ಹೊತ್ತಿ ಉರಿಯುತ್ತಿದ್ದ ಮರವೊಂದು ಸಿಕ್ಕಿತು, ಅಲ್ಲಿಂದ ಕೊಳ್ಳಿ ಹಿಡಿದುಕೊಂಡು ಹೊರಟ. ಹಗಲು ಕೈಯಲ್ಲಿ ಕೊಳ್ಳಿ. ಸಂಜೆ ನೆಲದಲ್ಲಿ ಗುಂಡಿ ತೋಡಿ, ಸುತ್ತ ನಾಲ್ಕು ಕಡೆ ಬೆಂಕಿ ಹಾಕಿ, ಹುಲ್ಲು ಹೊದ್ದು ಮಲಗುವುದು. ಒಂದು ರಾತ್ರಿ ಕಿಡಿ ಹಾರಿ ಹುಲ್ಲಿಗೇ ಬೆಂಕಿ ಹತ್ತಿತು. ಸುಟ್ಟ ಕೂದಲಿನೊಂದಿಗೆ ಹೊರಗೆ ಹಾರಿದ. ಬರಿಗಾಲು ರಕ್ತ ಸುರಿಯುತ್ತ ಐದನೆಯ ದಿನ ಜೊತೆಗಾರರನ್ನು ಕೂಡಿಕೊಂಡ. ಹಾವು ಕಚ್ಚಿ ಸತ್ತಿರಬೇಕೆಂದು ಅವರು ಇವನ ಆಸೆ ಬಿಟ್ಟಿದ್ದರು.

ಇಲ್ಲಿಂದ ಅವರ ಬದುಕು ಮಗ್ಗುಲು ಬದಲಿಸಿತು. ದ್ವೀಪದಲ್ಲಿದ್ದಾಗ ಅಲ್ಲಿಯವರು ಬಲವಂತವಾಗಿ ಇವರನ್ನು ವೈದ್ಯರನ್ನಾಗಿ ಮಾಡಿದ್ದರು: ರೋಗಿಯನ್ನು ಮುಟ್ಟು, ಉಸಿರು ಊದು, ಇಲ್ಲವಾದರೆ ಊಟವಿಲ್ಲ. ಈಗ ಅದೇ ವಿದ್ಯೆ ಕೈಹಿಡಿಯಿತು. ಶಿಲುಬೆ ಸನ್ನೆ ಮಾಡಿ, ಪ್ರಾರ್ಥನೆ ಹೇಳಿ ಊದಿದರೆ ರೋಗಿಗಳು ಎದ್ದು ನಡೆಯುತ್ತಿದ್ದರಂತೆ. ಪವಾಡದ ಮಾತನ್ನು ನಂಬುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ಒಂದು ಮಾತ್ರ ಪವಾಡವಲ್ಲ: ಒಬ್ಬನ ಎದೆಯಲ್ಲಿ ಬಹುಕಾಲದಿಂದ ಸಿಕ್ಕಿದ್ದ ಬಾಣದ ಮೊನೆಯನ್ನು ಕಬೇಸಾ ದೆ ವಾಕಾ ಚಾಕುವಿನಿಂದ ಸೀಳಿ ತೆಗೆದು, ಜಿಂಕೆ ಎಲುಬಿನ ಸೂಜಿಯಲ್ಲಿ ಎರಡು ಹೊಲಿಗೆ ಹಾಕಿದ. ಗಾಯ ಮಾಯಿತು. ಆ ಮೊನೆಯನ್ನು ಊರೂರು ತೋರಿಸಿದರು. ಕೀರ್ತಿ ಇವರಿಗಿಂತ ಮುಂದೆ ನಡೆಯಿತು, ಸಾವಿರಾರು ಜನ ಹಿಂದೆ ನಡೆದರು. ಸ್ಪೇನಿಗರು ಗೌರವ ಕಾಯ್ದುಕೊಳ್ಳಲು ಮಾತು ಕಡಿಮೆ ಮಾಡಿದ್ದರು. ದಾರಿ ಕೇಳುವುದು, ಊರಿನ ಸುದ್ದಿ ತಿಳಿಯುವುದು, ಜನರೊಂದಿಗೆ ಬೆರೆಯುವುದು ಎಲ್ಲ ಎಸ್ತೆಬಾನಿಕೊ. ಈ ಪಯಣದ ನಿಜವಾದ ದಾರಿಕಾರ ಅವನೇ ಎಂದು ನನಗನ್ನಿಸುತ್ತದೆ. ಬರೆದವನು ಕಬೇಸಾ ದೆ ವಾಕಾ ಆದ್ದರಿಂದ ಹೆಸರು ಅವನದಾಯಿತು.

ರಿಯೊ ಗ್ರಾಂಡೆ ದಾಟಿ, ಬೆಟ್ಟಗಳನ್ನು ಬಳಸಿ, ಪಶ್ಚಿಮಕ್ಕೆ ಪಶ್ಚಿಮಕ್ಕೆ. ಸೊನೋರಾದ ಒಂದು ಊರಿನಲ್ಲಿ 600ಕ್ಕೂ ಹೆಚ್ಚು ಜಿಂಕೆಗಳ ಒಣಗಿಸಿದ ಗುಂಡಿಗೆಗಳನ್ನು ಕಾಣಿಕೆ ಕೊಟ್ಟರು. ಅದಾದ ಸ್ವಲ್ಪದರಲ್ಲೇ ಕಾಸ್ತಿಯೊ ಕಣ್ಣಿಗೆ ಬಿತ್ತು, ಮೂಲನಿವಾಸಿಯೊಬ್ಬನ ಕೊರಳಲ್ಲಿ ಕತ್ತಿಪಟ್ಟಿಯ ಕೊಂಡಿ, ಅದಕ್ಕೆ ಹೊಲಿದ ಒಂದು ಲಾಳದ ಮೊಳೆ. ನಮ್ಮವರು! ಎಂಟು ವರ್ಷದ ಮೇಲೆ ನಮ್ಮವರು!

ನಮ್ಮವರು ಹಾದುಹೋದ ನಾಡು ಹೇಗಿತ್ತು? ನೀರಿನ ನೆಲ, ಫಲವತ್ತಾದ ಹೊಲ, ಆದರೆ ಉಳುವವರಿಲ್ಲ. ಸುಟ್ಟ ಊರು. ಜನ ಬೆಟ್ಟ ಹತ್ತಿ ಮರದ ತೊಗಟೆ ತಿನ್ನುತ್ತಿದ್ದರು. ಗುಲಾಮರ ಬೇಟೆಗೆ ಬಂದ ಸ್ಪೇನಿನ ಸವಾರರು ಗಂಡಸರಲ್ಲಿ ಅರ್ಧ ಮಂದಿಯನ್ನೂ ಹೆಂಗಸರು ಮಕ್ಕಳನ್ನೂ ಕಟ್ಟಿ ಒಯ್ದಿದ್ದರು. 1536ರಲ್ಲಿ ಆ ಸವಾರರು ಎದುರಾದಾಗ ಕೂದಲು ಗಡ್ಡ ಬೆಳೆದ, ಬಿಸಿಲಿಗೆ ಮೈ ಸುಲಿದ ಬೆತ್ತಲೆ ಮನುಷ್ಯನೊಬ್ಬ ಸ್ಪ್ಯಾನಿಷ್ ಮಾತಾಡಿದ್ದು ಕೇಳಿ ಬಾಯಿಬಿಟ್ಟು ನೋಡಿದರು. ಅವರ ನಾಯಕ ದಿಯೆಗೊ ದೆ ಅಲ್ಕರಾಸನ ಮೊದಲ ಅಹವಾಲು ಊಟದ್ದು, ಎರಡನೆಯದು ಇವರ ಜೊತೆ ಬಂದ 600 ಜನರನ್ನು ಗುಲಾಮರಾಗಿ ಹಿಡಿಯುವುದು. ಜಗಳವಾಯಿತು. ಈ ನಾಲ್ವರೂ ನಮ್ಮವರೇ, ಆದರೆ ಕೆಲಸಕ್ಕೆ ಬಾರದವರು ಎಂದು ಅಲ್ಕರಾಸ್ ದುಭಾಷಿಯಿಂದ ಹೇಳಿಸಿದ. ಜನ ಒಪ್ಪಲೇ ಇಲ್ಲ. ಇವರು ಸೂರ್ಯ ಹುಟ್ಟುವ ಕಡೆಯಿಂದ ಬಂದವರು, ರೋಗಿಗಳನ್ನು ಬದುಕಿಸುವವರು, ಏನೂ ಇಟ್ಟುಕೊಳ್ಳದವರು. ನೀವು ಮುಳುಗುವ ಕಡೆಯಿಂದ ಬಂದವರು, ಚೆನ್ನಾಗಿದ್ದವರನ್ನು ಕೊಲ್ಲುವವರು, ಸಿಕ್ಕಿದ್ದೆಲ್ಲ ದೋಚುವವರು. ನೀವು ಒಂದೇ ಜನ ಹೇಗಾಗುತ್ತೀರಿ ಎಂದು ವಾದಿಸಿದರು.

ಸ್ಪೇನಿನವರ ಊರು ಸೇರಿದ ಮೇಲೂ ಬಹಳ ದಿನ ಮೈಮೇಲೆ ಬಟ್ಟೆ ನಿಲ್ಲುತ್ತಿರಲಿಲ್ಲ, ನೆಲದ ಮೇಲಲ್ಲದೆ ನಿದ್ದೆ ಬರುತ್ತಿರಲಿಲ್ಲ. ಜುಲೈನಲ್ಲಿ ಮೆಕ್ಸಿಕೊ ನಗರ ಮುಟ್ಟಿದರು. 300 ಜನರಲ್ಲಿ ನಡೆದು ಬಂದವರು ನಾಲ್ವರು. ಅವರ ಬಾಯಿಂದ ಬಿದ್ದ ಉತ್ತರದ ದೊಡ್ಡ ಊರುಗಳ ಸುದ್ದಿ ಮತ್ತೆ ಚಿನ್ನದ ಹುಚ್ಚೆಬ್ಬಿಸಿತು. ಎಸ್ತೆಬಾನಿಕೊನನ್ನು ದಾರಿ ತೋರಿಸಲು ಕಳಿಸಿದರು, ಗುಲಾಮನಿಗೆ ಬೇಡವೆನ್ನುವ ಹಕ್ಕೆಲ್ಲಿ? 1539ರಲ್ಲಿ ಜೂನಿ ಜನರ ಹಾವಿಕೂ ಊರಿನಲ್ಲಿ ಅವನು ಕೊಲೆಯಾದ. ಅದೇ ವರ್ಷ ಎರ್ನಾಂದೊ ದೆ ಸೊತೊ ಫ್ಲಾರಿಡಾದಲ್ಲಿ ಇಳಿದ. ಅವನ ಕಡೆಯವರಿಗೆ ಆ ಕೆಸರು ಕೊಲ್ಲಿಯಲ್ಲಿ ಕುದುರೆಗಳ ತಲೆಬುರುಡೆ ಸಿಕ್ಕವು. ಕಂಡೂ ಮುಂದೆ ನಡೆದರು. ಕಬೇಸಾ ದೆ ವಾಕಾನ ವೃತ್ತಾಂತ 1542ರಲ್ಲಿ ಅಚ್ಚಾಯಿತು. ಅವನು ದಕ್ಷಿಣ ಅಮೆರಿಕದ ರಿಯೊ ದೆ ಲಾ ಪ್ಲಾತಾದ ರಾಜ್ಯಪಾಲನಾಗಿ ಹೋಗಿ, ಅಲ್ಲಿನ ವಲಸಿಗರ ಕೈಯಲ್ಲೇ ಬಂಧಿಯಾಗಿ, ಬೇಡಿ ತೊಟ್ಟು ಸ್ಪೇನಿಗೆ ಮರಳಿದ.

ಬೆತ್ತಲೆ ಪರದೇಶಿಗಳಿಗಾಗಿ ಅತ್ತು, ದಾರಿಯುದ್ದ ಬೆಂಕಿ ಹಾಕಿದ ಕಾರಂಕಾವಾ ಜನರನ್ನು 19ನೇ ಶತಮಾನದಲ್ಲಿ ಟೆಕ್ಸಾಸಿನ ವಲಸಿಗರು ನರಭಕ್ಷಕರೆಂದು ಕರೆದು, ಬೇಟೆಯಾಡಿ ಓಡಿಸಿದರು. ಆ ಕರಾವಳಿಯ ಬಗ್ಗೆ ನಮಗಿರುವ ಮೊಟ್ಟಮೊದಲ ಬರಹದಲ್ಲಿ ಮನುಷ್ಯನನ್ನು ತಿಂದವರು ಸ್ಪೇನಿನವರು.